ಬದಲಿ ಸೈಲೆನ್ಸರಿನ ಸದ್ದು: ಮಾರಿದ ದಿನದ್ದೇ ಬೇರೆ, ವರ್ಷದ ನಂತರದ್ದೇ ಬೇರೆ

ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಎರಡು ಬಗೆಯ ದೂರುಗಳು ಚಿರಪರಿಚಿತ. ಕಾರಿಗೆ ಕಂಪನಿಯ ಸೈಲೆನ್ಸರನ್ನು ತೆಗೆಸಿ ಹೊರಗಿನ ತಯಾರಿಕೆಯದನ್ನು ಹಾಕಿಸಿಕೊಂಡ ಗ್ರಾಹಕನೊಬ್ಬನು ತಿಂಗಳೊಪ್ಪತ್ತಿನಲ್ಲೇ ಮರಳಿ ಬಂದು, ಅಂಗಡಿಯಲ್ಲಿ ಕೇಳಿಸಿದ ಗಾಂಭೀರ್ಯ ಈಗ ಉಳಿದಿಲ್ಲ, ಸದ್ದು ಸಪ್ಪೆಯಾಗಿದೆ ಎನ್ನುತ್ತಾನೆ. ಇನ್ನೊಬ್ಬನು ಒಂದೂವರೆ ವರ್ಷ ಕಳೆದ ಮೇಲೆ ಬಂದು, ಸದ್ದು ವಿಪರೀತವಾಗಿದೆ, ಪೊಲೀಸರು ತಡೆದು ದಂಡ ಹಾಕಿದರು, ನೀವು ಹೇಳಿದ್ದೇನು ಆಗಿದ್ದೇನು ಎಂದು ಪ್ರಶ್ನಿಸುತ್ತಾನೆ. ಇಬ್ಬರೂ ಕೊಂಡದ್ದು ಒಂದೇ ಮಾಲು. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಮಾಲಿನ ಗುಣವೇ ಬಳಕೆಯೊಂದಿಗೆ ಬದಲಾಗುವಂಥದ್ದು. ಈ ಸಂಗತಿಯನ್ನು ಮಾರಾಟಗಾರನು ಅರಿತಿರದಿದ್ದರೆ, ಅಥವಾ ಅರಿತಿದ್ದೂ ಬಿಲ್ಲಿನಲ್ಲಿ ಕಾಣಿಸದಿದ್ದರೆ, ಅದರ ಭಾರ ಕೊನೆಗೆ ಆತನ ಲೆಕ್ಕಪುಸ್ತಕದ ಮೇಲೆಯೇ ಬೀಳುತ್ತದೆ.

ಒಳಗೆ ಇರುವುದೇನು?

ಸೈಲೆನ್ಸರ್‌ಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ಡಬ್ಬಿಯ ಒಳಭಾಗವನ್ನು ಲೋಹದ ತಡೆಗಳಿಂದ ಕೋಣೆಗಳನ್ನಾಗಿ ವಿಭಾಗಿಸಿರುತ್ತಾರೆ. ಶಬ್ದದ ಅಲೆಗಳು ಗೋಡೆಗಳಿಗೆ ಬಡಿದು ಹಿಂದಿರುಗಿ, ಎದುರಿನಿಂದ ಬರುವ ಅಲೆಗಳೊಂದಿಗೆ ಸೇರಿ ಪರಸ್ಪರ ಕುಗ್ಗುತ್ತವೆ. ಕಾರು ತಯಾರಕರು ಅಳವಡಿಸುವ ಸೈಲೆನ್ಸರ್‌ಗಳು ಬಹುಮಟ್ಟಿಗೆ ಈ ತತ್ತ್ವವನ್ನು ಆಧರಿಸಿವೆ. ಅಮೆರಿಕದ ಫ್ಲೋಮಾಸ್ಟರ್ ಸಂಸ್ಥೆ ಹೆಸರು ಮಾಡಿದ್ದೂ ಕೋಣೆಗಳ ಮಾದರಿಯಿಂದಲೇ.

ಎರಡನೆಯದು ನೇರ ಕೊಳವೆಯ ಮಾದರಿ. ರಂಧ್ರಗಳಿರುವ ಕೊಳವೆಯೊಂದು ಡಬ್ಬಿಯ ಈ ತುದಿಯಿಂದ ಆ ತುದಿಗೆ ನೇರವಾಗಿ ಹಾದುಹೋಗುತ್ತದೆ; ಕೊಳವೆಗೂ ಹೊರಕವಚಕ್ಕೂ ನಡುವಿನ ಜಾಗದಲ್ಲಿ ಗಾಜಿನ ನಾರು, ಬಸಾಲ್ಟ್ ಕಲ್ಲಿನ ನಾರು ಅಥವಾ ಉಕ್ಕಿನ ಉಣ್ಣೆಯನ್ನು ತುಂಬಿರುತ್ತಾರೆ. ಗ್ಲಾಸ್‌ಪ್ಯಾಕ್ ಎಂಬ ಹೆಸರು ಬಂದದ್ದು ಇದರಿಂದಲೇ. ರಂಧ್ರಗಳ ಮೂಲಕ ಹೊರಬಂದ ಶಬ್ದವು ನಾರುಗಳ ನಡುವೆ ನುಸುಳುವಾಗ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡುತ್ತದೆ. ಅನಿಲದ ಹರಿವಿಗೆ ತಡೆ ಕಡಿಮೆ, ಸದ್ದಿನಲ್ಲಿ ಒಂದು ಗತ್ತು ಇರುತ್ತದೆ. ಹಾಗಾಗಿ ಬದಲಿ ಸೈಲೆನ್ಸರ್‌ಗಳ ಮಾರುಕಟ್ಟೆಯಲ್ಲಿ ಈ ಮಾದರಿಗೇ ಬೇಡಿಕೆ ಹೆಚ್ಚು. ಆದರೆ ಇದರಲ್ಲಿ ಸದ್ದನ್ನು ಹಿಡಿದಿಡುವ ಮುಖ್ಯ ವಸ್ತು ಲೋಹವಲ್ಲ, ನಾರು. ಲೋಹ ಹತ್ತು ವರ್ಷ ಬಾಳಿದರೂ ನಾರು ಅಷ್ಟು ಕಾಲ ಬಾಳಬೇಕೆಂಬ ನಿಯಮವೇನೂ ಇಲ್ಲ.

ಉಕ್ಕು 'ಪಕ್ವ'ವಾದ ಮೇಲೆ ನಾದ ತೆರೆದುಕೊಳ್ಳುತ್ತದೆ ಎಂದು ಕೆಲವು ಮಾರಾಟಗಾರರು ಹೇಳುವುದುಂಟು. ದೇವಸ್ಥಾನದ ಗಂಟೆಯ ವಿಷಯದಲ್ಲಿ ಇಂಥ ಮಾತು ಕೇಳಲು ಚೆನ್ನ. ಸೈಲೆನ್ಸರಿನಲ್ಲಿ ಬದಲಾಗುವುದು ಉಕ್ಕಲ್ಲ, ಅದರ ಒಡಲಿನ ತುಂಬುವಸ್ತು. ಬಿಸಿಗೆ ಸ್ಟೇನ್‌ಲೆಸ್ ಕೊಳವೆಯು ಹೊಂಬಣ್ಣಕ್ಕೆ, ನೀಲಿಗೆ ತಿರುಗುವುದು ಮೇಲ್ಮೈಯ ತೆಳು ಪದರದ ಬದಲಾವಣೆ. ಸದ್ದಿಗೂ ಅದಕ್ಕೂ ಸಂಬಂಧವಿಲ್ಲ.

ಮೊದಲ ದಿನಗಳು

ಹೊಸ ಸೈಲೆನ್ಸರ್ ಹಾಕಿದ ಮೊದಲ ದಿನ ಹೊಗೆ ಮತ್ತು ಸುಟ್ಟ ವಾಸನೆ ಬರುವುದನ್ನು ಎಲ್ಲರೂ ಕಂಡಿದ್ದಾರೆ. ತಯಾರಿಕೆಯ ವೇಳೆ ಲೋಹಕ್ಕೆ ಹಚ್ಚಿದ ಎಣ್ಣೆ ಮತ್ತು ನಾರನ್ನು ಹಿಡಿದಿಟ್ಟ ಅಂಟು ಉರಿದುಹೋಗುವುದೇ ಇದಕ್ಕೆ ಕಾರಣ. ಅಂಟು ಹೋದ ಮೇಲೆ ನಾರು ಸ್ವಲ್ಪ ಸಡಿಲಗೊಂಡು ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ರಂಧ್ರಗಳ ಅಂಚಿನ ಬಿಡಿ ಎಳೆಗಳು ಅನಿಲದೊಂದಿಗೆ ಹೊರಗೆ ಹಾರಿಹೋಗುತ್ತವೆ. ಸದ್ದು ಅಲ್ಪಸ್ವಲ್ಪ ತುಂಬಿಕೊಂಡು ದಪ್ಪವಾಗುವುದು ಈ ಹಂತದಲ್ಲಿ. ಇದು ದೋಷವಲ್ಲ.

ಹಾಗಾದರೆ ಸಪ್ಪೆಯಾಯಿತು ಎನ್ನುವ ಗ್ರಾಹಕನ ದೂರು ಎಲ್ಲಿಂದ ಬಂದಿತು? ಬಹುಪಾಲು ಆತನ ಕಿವಿಯಿಂದ. ನಿತ್ಯ ಕೇಳುವ ಸದ್ದಿಗೆ ಮನುಷ್ಯನ ಕಿವಿ ಬೇಗನೆ ಒಗ್ಗಿಕೊಳ್ಳುತ್ತದೆ. ಹಳ್ಳಿಯಿಂದ ಬಂದ ನೆಂಟರಿಗೆ ಕಾರಿನ ಸದ್ದು ಎದೆ ನಡುಗಿಸಿದರೂ ಮಾಲೀಕನಿಗೆ ಅದು ಏನೂ ಅಲ್ಲ. ಜೊತೆಗೆ ಅಂಗಡಿಯಲ್ಲಿ ಆತ ಕೇಳಿದ್ದು ಬಹುಶಃ ತಣ್ಣಗಿದ್ದ ಎಂಜಿನ್ನಿನ ಮೊದಲ ಆರಂಭವನ್ನು. ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಇಂದಿನ ಎಂಜಿನ್‌ಗಳು ಆರಂಭದಲ್ಲಿ ತಾವಾಗಿಯೇ ಹೆಚ್ಚು ವೇಗದಲ್ಲಿ ತಿರುಗುತ್ತವೆ. ಬಿಸಿಯಾದ ಮೇಲೆ ತಣ್ಣಗೆ ಗುರುಗುಟ್ಟುತ್ತವೆ. ಅನಿಲದ ಉಷ್ಣತೆಯೂ ಸದ್ದಿನ ಸ್ಥಾಯಿಯನ್ನು ಬದಲಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 400 ಡಿಗ್ರಿಯಲ್ಲಿ ಅದು ಸುಮಾರು 520 ಮೀಟರ್. ಕೊಳವೆ ಅದೇ, ಉದ್ದ ಅದೇ. ಅದು ಅನುರಣಿಸುವ ಸ್ಥಾಯಿ ಮಾತ್ರ ಒಂದೂವರೆ ಪಟ್ಟು ಮೇಲೇರಿರುತ್ತದೆ. ಆದ್ದರಿಂದ ಸದ್ದನ್ನು ಹೋಲಿಸುವುದಾದರೆ ಎರಡು ಸಲವೂ ಎಂಜಿನ್ ಪೂರ್ಣ ಬಿಸಿಯಾಗಿರತಕ್ಕದ್ದು.

ನಾರು ಸವೆಯುವ ಬಗೆ

ನಿಜವಾದ ಬದಲಾವಣೆ ನಿಧಾನವಾಗಿ ನಡೆಯುತ್ತದೆ. ಎಂಜಿನ್ನಿನಿಂದ ಬರುವ ಅನಿಲ ಸಮವಾದ ಹರಿವಲ್ಲ. ಒಂದೊಂದು ಸಿಲಿಂಡರ್ ಖಾಲಿಯಾದಾಗಲೂ ಒಂದೊಂದು ಬಡಿತ. ನಾಲ್ಕು ಸಿಲಿಂಡರ್‌ಗಳ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಬಡಿತಗಳು ಬರುತ್ತವೆ. ಪ್ರತಿ ಬಡಿತಕ್ಕೂ ನಾರು ಒತ್ತಿ ಸಡಿಲಗೊಳ್ಳುತ್ತದೆ. ಬಿಸಿಯಿಂದ ಪೆಡಸಾದ ಎಳೆಗಳು ತುಂಡಾಗಿ, ಪುಡಿಯಾಗಿ, ರಂಧ್ರಗಳ ಮೂಲಕ ಹೊರಬೀಳುತ್ತವೆ. ಉತ್ತಮ ತಯಾರಕರು ರಂಧ್ರದ ಕೊಳವೆಗೆ ಮೊದಲು ಸ್ಟೇನ್‌ಲೆಸ್ ಉಣ್ಣೆಯನ್ನು ಸುತ್ತಿ, ಅದರ ಮೇಲೆ ಗಾಜಿನ ಅಥವಾ ಬಸಾಲ್ಟ್ ನಾರನ್ನು ತುಂಬುವುದು ಈ ನಷ್ಟವನ್ನು ತಡೆಯಲೆಂದೇ. ಅಗ್ಗದ ಮಾಲಿನಲ್ಲಿ ಈ ಸುತ್ತು ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ.

ನಾರು ಹಿಡಿದಿಡುವುದು ಮುಖ್ಯವಾಗಿ ಮೇಲಿನ ಮತ್ತು ಮಧ್ಯದ ಸ್ಥಾಯಿಗಳನ್ನು. ಆದಕಾರಣ ನಾರು ಕಡಿಮೆಯಾದಂತೆ ಮೊದಲು ಮರಳಿ ಬರುವುದು ಒರಟಾದ, ತಗಡು ಕೆರೆದಂತಹ ಕರಕರ ಸದ್ದು. ಆಮೇಲೆ ಒಟ್ಟು ಮಟ್ಟವೂ ಏರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರಿನ ಒಳಗೆ ಗುಂಯ್‌ಗುಡುವಿಕೆ ಶುರುವಾಗುತ್ತದೆ. ನಾರು ಶಾಖವನ್ನೂ ತಡೆಯುತ್ತಿದ್ದುದರಿಂದ ಅದು ಹೋದ ಕಡೆ ಹೊರಕವಚ ಹೆಚ್ಚು ಬಿಸಿಯಾಗಿ ಬಣ್ಣಗೆಡುತ್ತದೆ. ಡಬ್ಬಿಯ ಮೇಲೆ ಒಂದೇ ಕಡೆ ಸುಟ್ಟ ಕಲೆ ಕಂಡರೆ ಒಳಗೆ ನಾರು ಖಾಲಿಯಾಗಿದೆ ಎಂದು ಅನುಮಾನಿಸಬೇಕು. ಬೋಲ್ಟುಗಳಿಂದ ಕಳಚಲು ಬರುವ ಹಿಂಬದಿಯ ಡಬ್ಬಿಯಾದರೆ, ಮಾರುವ ದಿನ ತೂಕ ಬರೆದಿಟ್ಟುಕೊಂಡು ದೂರು ಬಂದ ದಿನ ನೀರು ಬಸಿದು ಮತ್ತೆ ತೂಗಿನೋಡುವುದು ಸರಳ ಉಪಾಯ. ತಕ್ಕಡಿ ವರ್ತಕನಿಗೆ ಹೊಸದಲ್ಲ.

ಈ ಏರಿಕೆ ಗ್ರಾಹಕನ ಗಮನಕ್ಕೆ ಬಾರದಿರಲು ಡೆಸಿಬಲ್ ಲೆಕ್ಕವೂ ಕಾರಣ. ಶಬ್ದಶಕ್ತಿ ಎರಡು ಪಟ್ಟಾದರೆ ಮಾಪಕದಲ್ಲಿ ಕಾಣುವುದು 3 ಡೆಸಿಬಲ್ ಏರಿಕೆ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟಾಯಿತೆಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ತಿಂಗಳುಗಟ್ಟಲೆ ಅವಧಿಯಲ್ಲಿ ಮೂರು ನಾಲ್ಕು ಡೆಸಿಬಲ್ ಏರಿದರೆ ಮಾಲೀಕನಿಗೆ ತಿಳಿಯುವುದೇ ಇಲ್ಲ. ಕಾನೂನಿನ ಮಿತಿಯ ಅಂಚಿನಲ್ಲಿರುವ ವಾಹನಕ್ಕೆ ಅಷ್ಟೇ ಸಾಕು.

ನೀರು, ತುಕ್ಕು ಮತ್ತು ಸೋರಿಕೆ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ ಎಂದರೆ ಹಲವರು ನಂಬಲಾರರು. ದೂರ ಪ್ರಯಾಣದಲ್ಲಿ ಅದು ಹಾಗೆಯೇ ಹೊರಗೆ ಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರುಕಟ್ಟೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆವಿ ಒಳಗೇ ನೀರಾಗಿ ನಿಂತು, ದಹನದ ಆಮ್ಲಾಂಶದೊಂದಿಗೆ ಸೇರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಒದ್ದೆಯಾದ ನಾರು ಮುದ್ದೆಯಾಗಿ ಕುಸಿಯುತ್ತದೆ. ಹೆಚ್ಚು ಓಡಿದ ಕಾರಿಗಿಂತ ಕಡಿಮೆ ಓಡಿದ ಕಾರಿನ ಸೈಲೆನ್ಸರ್ ಮೊದಲು ಹಾಳಾಗುವ ವಿಚಿತ್ರಕ್ಕೆ ಇದೇ ಕಾರಣ. ಡಬ್ಬಿಯ ತಳದಲ್ಲಿರುವ ಸಣ್ಣ ತೂತು ನೀರು ಬಸಿಯಲೆಂದು ಇಟ್ಟದ್ದು. ಅದನ್ನು ಸೋರಿಕೆಯೆಂದು ಭಾವಿಸಿ ವೆಲ್ಡಿಂಗ್ ಮಾಡಿಸಿ ಮುಚ್ಚುವವರಿದ್ದಾರೆ.

ಲೋಹದ ದರ್ಜೆ ಇಲ್ಲಿ ಮುಖ್ಯವಾಗುತ್ತದೆ. ಸಾಮಾನ್ಯ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಸುಮಾರು 11 ಶೇಕಡಾ ಕ್ರೋಮಿಯಂ ಇರುವ 409 ದರ್ಜೆಯ ಸ್ಟೇನ್‌ಲೆಸ್‌ನ ಮೇಲ್ಮೈಗೆ ಕಂದು ತುಕ್ಕು ಬಂದರೂ ಅದು ಬೇಗ ತೂತಾಗದು. ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುವ 304 ದರ್ಜೆ ದುಬಾರಿ, ಬಾಳಿಕೆಯೂ ಹೆಚ್ಚು. 409ಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. 304ಕ್ಕೆ ಬಹುಮಟ್ಟಿಗೆ ಅಂಟುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಮಾರುವ ಸದಸ್ಯರು ಬಿಲ್ಲಿನಲ್ಲಿ ಬರೀ 'ಸ್ಟೇನ್‌ಲೆಸ್' ಎಂದು ಬರೆಯದೆ ದರ್ಜೆಯನ್ನೂ ನಮೂದಿಸುವುದು ಕ್ಷೇಮ.

ಎಲ್ಲ ಬದಲಾವಣೆಗೂ ಡಬ್ಬಿಯೇ ಹೊಣೆಯಲ್ಲ. ಬೆಳಿಗ್ಗೆ ಟಪಟಪ ಎಂದು ಕೇಳಿಸಿ ಬಿಸಿಯಾದ ಮೇಲೆ ನಿಂತುಹೋದರೆ ಫ್ಲ್ಯಾಂಜಿನ ಗ್ಯಾಸ್ಕೆಟ್ ಸೋರುತ್ತಿರುತ್ತದೆ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಗಡಗಡ ಎಂದರೆ ತೂಗುರಬ್ಬರ್ ಹರಿದಿರಬಹುದು, ಶಾಖಕವಚ ಸಡಿಲಗೊಂಡಿರಬಹುದು, ಇಲ್ಲವೆ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಗೂಡು ಒಡೆದಿರಬಹುದು. ವಾರಂಟಿಯಡಿ ಡಬ್ಬಿಯನ್ನೇ ಬದಲಿಸಿಕೊಡುವ ಮುನ್ನ ಕೆಲವು ನಿಮಿಷ ಇವನ್ನು ಪರೀಕ್ಷಿಸಿದರೆ ಹಣ ಉಳಿಯುತ್ತದೆ.

ಕಾನೂನು ಏನನ್ನು ನೋಡುತ್ತದೆ?

ನಾರು ತುಂಬಿದ ಸೈಲೆನ್ಸರಿನ ಸದ್ದು ಬದಲಾಗುತ್ತದೆಂಬುದನ್ನು ಯೂರೋಪಿನ ನಿಯಮಗಳು ಬಹಳ ಹಿಂದೆಯೇ ಒಪ್ಪಿಕೊಂಡಿವೆ. ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ರೂಪುಗೊಂಡ ವಾಹನ ಶಬ್ದದ 51ನೆಯ ನಿಯಂತ್ರಣದ ಪ್ರಕಾರ, ಅನಿಲವು ನೇರವಾಗಿ ತಾಗುವಂತೆ ನಾರು ತುಂಬಿದ ಸೈಲೆನ್ಸರನ್ನು ಹೊಸದಾಗಿಯೇ ಅಳೆದು ಪ್ರಮಾಣಪತ್ರ ಕೊಡುವಂತಿಲ್ಲ. ಮೊದಲು ಅದನ್ನು ಬಳಕೆಯ ಸ್ಥಿತಿಗೆ ತರಬೇಕು. ಕಾರಿಗೆ ಅಳವಡಿಸಿ 10,000 ಕಿಲೋಮೀಟರ್ ಓಡಿಸುವುದು ಅದರ ಒಂದು ವಿಧಾನ. ಸುಮಾರು ಅರ್ಧ ನಗರದೊಳಗೆ, ಉಳಿದರ್ಧ ವೇಗದ ದೂರ ಪ್ರಯಾಣ. ಇಲ್ಲವಾದರೆ ಒತ್ತಡದ ಬಡಿತಗಳನ್ನು 2,500 ಬಾರಿ ಕೊಟ್ಟು ನಾರನ್ನು ಹಣ್ಣು ಮಾಡುವ ಯಂತ್ರವಿಧಾನವೂ ಇದೆ. ಆನಂತರವೇ ಅಳತೆ. ಮಾರಿದ ದಿನದ ಸದ್ದಿಗೆ ಬೆಲೆಯಿಲ್ಲ, ಬಳಸಿದ ಮೇಲಿನ ಸದ್ದಿಗೆ ಮಾತ್ರ ಬೆಲೆ ಎಂಬುದು ಇದರ ತಾತ್ಪರ್ಯ. ಆಮದು ಮಾಲನ್ನು ತರಿಸುವ ಸದಸ್ಯರು ಸರಬರಾಜುದಾರರಿಂದ ಕೇಳಿ ಪಡೆಯಬೇಕಾದದ್ದು ಬಣ್ಣದ ಕ್ಯಾಟಲಾಗನ್ನಲ್ಲ, ಈ ಪರೀಕ್ಷೆಯ ಪತ್ರವನ್ನು.

ನಮ್ಮಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 120 ಅನ್ವಯಿಸುತ್ತದೆ. ಪ್ರತಿಯೊಂದು ವಾಹನಕ್ಕೂ ಸೈಲೆನ್ಸರ್ ಇರಬೇಕು. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೇಳಿದ ಶಬ್ದಮಿತಿಗೆ ತಕ್ಕಂತೆ ವಾಹನವನ್ನು ನಿರ್ಮಿಸಿರಬೇಕು ಹಾಗೂ ನಿರ್ವಹಿಸಿರಬೇಕು. 'ನಿರ್ವಹಿಸಿರಬೇಕು' ಎಂಬ ಒಂದು ಪದದ ಮೇಲೆ ಇಡೀ ಪ್ರಶ್ನೆ ನಿಂತಿದೆ. ಅಳವಡಿಸಿದ ದಿನ ಮಿತಿಯೊಳಗಿತ್ತು ಎಂಬ ವಾದ ಎರಡು ವರ್ಷದ ಬಳಿಕ ಮಾಲೀಕನನ್ನು ಕಾಪಾಡದು. 2005ರ ಏಪ್ರಿಲ್‌ನಿಂದ ಜಾರಿಗೆ ಬಂದ ಮಾನದಂಡದಲ್ಲಿ ಪ್ರಯಾಣಿಕರ ಕಾರಿಗೆ 74 ಡೆಸಿಬಲ್ ಮಿತಿ. ಹಾದುಹೋಗುವ ವಾಹನದ ಪಥದ ಮಧ್ಯರೇಖೆಯಿಂದ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯುವ ಪರೀಕ್ಷೆ ಅದು. ಸೈಲೆನ್ಸರಿನ ವಿವರ ನೋಂದಣಿ ಪತ್ರದಲ್ಲಿ ಇರುವುದಿಲ್ಲವಾದ್ದರಿಂದ ಬದಲಾಯಿಸಿದರೆ ತಪ್ಪಿಲ್ಲ ಎಂಬ ಮಾತನ್ನು ಗ್ರಾಹಕರು ಎತ್ತುವುದುಂಟು. ಶಬ್ದದ ಮಿತಿಗೂ ನೋಂದಣಿ ಪತ್ರಕ್ಕೂ ಸಂಬಂಧ ಕಲ್ಪಿಸುವುದೇ ಸರಿಯಲ್ಲ. ಅದು ಸ್ವತಂತ್ರ ಹೊಣೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನಗಳ ಕಾಯ್ದೆಯ ಕಲಂ 190(2)ರಡಿ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆ. ಅನುಮತಿಯಿಲ್ಲದ ಮಾರ್ಪಾಡಿಗೆ ಕಲಂ 182ಎ(4)ರಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ಎರಡು ಕಲಮುಗಳೂ ಮೊದಲು ಹಿಡಿಯುವುದು ವಾಹನದ ಮಾಲೀಕನನ್ನು ಅಥವಾ ಚಾಲಕನನ್ನು. ಆದರೆ ದಂಡ ಕಟ್ಟಿದ ಮಾಲೀಕ ನೇರವಾಗಿ ಅಂಗಡಿಗೆ ಬರುತ್ತಾನೆ.

ಆಗ ಎದುರಾಗುವುದು 1930ರ ಸರಕು ಮಾರಾಟ ಕಾಯ್ದೆ. ಪೊಲೀಸರ ತಂಟೆ ಬಾರದಂಥದ್ದು ಕೊಡಿ ಎಂದು ಗ್ರಾಹಕ ಹೇಳಿ, ಅಂಗಡಿಯವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಕಲಂ 16ರ ಪ್ರಕಾರ ಮಾಲು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಇದ್ದಂತೆಯೇ. ಗ್ರಾಹಕನೇ ಇಂಥ ಬ್ರ್ಯಾಂಡಿನ ಇಂಥ ಮಾದರಿಯೇ ಬೇಕೆಂದು ಹೆಸರು ಹಿಡಿದು ಕೇಳಿ ಕೊಂಡಿದ್ದರೆ ಈ ಷರತ್ತು ಅನ್ವಯಿಸದು. ಎರಡರ ನಡುವಿನ ವ್ಯತ್ಯಾಸ ಬಾಯಿಮಾತಿನಲ್ಲಿ ಉಳಿದರೆ ವ್ಯಾಜ್ಯ. ಆರ್ಡರ್ ಚೀಟಿಯಲ್ಲಿ ಬರೆದು ಸಹಿ ಪಡೆದರೆ ದಾಖಲೆ. ಪ್ರದರ್ಶನದ ಕಾರಿನ ಸದ್ದನ್ನು ಕೇಳಿಸಿ ಮಾರುವವರಂತೂ ಮಾದರಿ ತೋರಿಸಿ ಮಾರುವ ಕಲಂ 17ರ ಹತ್ತಿರ ಸುಳಿಯುತ್ತಿರುತ್ತಾರೆ. ಆ ಕಾರಿನ ಸೈಲೆನ್ಸರ್ ಎಷ್ಟು ಓಡಿದೆಯೆಂದು ಹೇಳುವುದು ನ್ಯಾಯ.

ಅಳತೆಯ ದಾಖಲೆ ಇದಕ್ಕೆಲ್ಲ ಆಧಾರ. ನಿಂತ ವಾಹನದ ಪರೀಕ್ಷೆ ಅಂಗಡಿಯ ಅಂಗಳದಲ್ಲೇ ಸಾಧ್ಯ. ಕೊಳವೆಯ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, ಅನಿಲ ಬರುವ ದಿಕ್ಕಿಗೆ 45 ಡಿಗ್ರಿ ಕೋನದಲ್ಲಿ ಮಾಪಕವಿಟ್ಟು, ಎಂಜಿನ್ ಗರಿಷ್ಠ ಶಕ್ತಿ ಕೊಡುವ ವೇಗದ ಮುಕ್ಕಾಲು ಭಾಗದಲ್ಲಿ ಓದನ್ನು ಗುರುತಿಸಿಕೊಳ್ಳುವುದು ಅಂತರರಾಷ್ಟ್ರೀಯ ರೂಢಿ. ಈ ಅಂಕಿಯನ್ನು 74ರ ಮಿತಿಯೊಂದಿಗೆ ಹೋಲಿಸಲಾಗದು, ಏಕೆಂದರೆ ದೂರ ಬೇರೆ, ವಿಧಾನ ಬೇರೆ. ಆದರೆ ಅದೇ ಕಾರಿನ ಹಿಂದಿನ ಅಂಕಿಯೊಂದಿಗೆ ಹೋಲಿಸಬಹುದು. ಅಳವಡಿಸಿದ ದಿನ ಒಂದು ಸಲ, 10,000 ಕಿಲೋಮೀಟರ್ ಆದಾಗ ಇನ್ನೊಂದು ಸಲ ಅಳೆದು ರಿಜಿಸ್ಟರಿನಲ್ಲಿ ಬರೆದಿಟ್ಟರೆ ದೂರು ಕಿವಿಯದೋ ನಾರಿನದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ವಾರಂಟಿಯ ಲೆಕ್ಕ

'ಐದು ವರ್ಷ ವಾರಂಟಿ' ಎಂದು ಮುದ್ರಿಸುವ ಮುನ್ನ ಅದು ಲೋಹಕ್ಕೋ, ಬೆಸುಗೆಗೋ, ನಾರಿಗೋ, ಸದ್ದಿಗೋ ಎಂಬುದನ್ನು ಬೇರ್ಪಡಿಸಿ ಬರೆಯಬೇಕು. ಬೇರ್ಪಡಿಸದಿದ್ದರೆ ಗ್ರಾಹಕ ಎಲ್ಲಕ್ಕೂ ಎಂದೇ ಓದಿಕೊಳ್ಳುತ್ತಾನೆ, ಗ್ರಾಹಕರ ಆಯೋಗವೂ ಹಾಗೆ ಓದಿದರೆ ಆಶ್ಚರ್ಯಪಡಬೇಕಿಲ್ಲ.

ಕೊಟ್ಟ ವಾರಂಟಿ ಒಂದು ಹೊಣೆ. ಅದು ಮಾರಾಟವಾದ ವರ್ಷದ್ದು, ದುರಸ್ತಿ ಮಾಡಿಕೊಟ್ಟ ವರ್ಷದ್ದಲ್ಲ. ಲೆಕ್ಕಪತ್ರ ಮಾನಕ 29ರ ಪ್ರಕಾರ ಅದಕ್ಕೆ ಅವಕಾಶ ಕಲ್ಪಿಸಬೇಕು. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ಹೇಳಿತು. ಇಲ್ಲಿ ಒತ್ತು ಬೀಳುವುದು 'ಹಿಂದಿನ ಅನುಭವ' ಎಂಬುದರ ಮೇಲೆ. ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಕಳೆದ ಮೂರು ವರ್ಷಗಳಲ್ಲಿ ಮಾರಿದ ಪ್ರತಿ ನೂರು ಸೈಲೆನ್ಸರ್‌ಗಳಲ್ಲಿ ಆರು ವಾರಂಟಿಯಲ್ಲಿ ಮರಳಿದವು, ತಲಾ 4,500 ರೂಪಾಯಿ ವೆಚ್ಚವಾಯಿತು. ಈ ವರ್ಷ 150 ಮಾರಾಟವಾಗಿದ್ದರೆ ಒಂಬತ್ತು ಮರಳುವ ನಿರೀಕ್ಷೆ. ಎರಡನ್ನು ವರ್ಷದೊಳಗೇ ಸರಿಪಡಿಸಿಯಾಗಿದ್ದರೆ ಉಳಿದ ಏಳಕ್ಕೆ 31,500 ರೂಪಾಯಿ ಅವಕಾಶ. ಮೇಲೆ ಹೇಳಿದ ರಿಜಿಸ್ಟರ್ ಇಲ್ಲದವರು ಈ ಆರು ಎಂಬ ಅಂಕಿಯನ್ನು ಎಲ್ಲಿಂದ ತರುತ್ತಾರೆ? ಮಾರಾಟದ ಶೇಕಡಾ ಇಷ್ಟು ಎಂದು ಕಣ್ಣಂದಾಜಿನಲ್ಲಿ ಬರೆದ ಅವಕಾಶ ಕರನಿರ್ಧಾರಣೆಯಲ್ಲಿ ನಿಲ್ಲುವುದು ಕಷ್ಟ.

ಜಿಎಸ್‌ಟಿ ವಿಷಯದಲ್ಲಿ ತೊಡಕು ಈಗ ಕಡಿಮೆಯಾಗಿದೆ. ಸೈಲೆನ್ಸರ್ ಮತ್ತು ಹೊಗೆಕೊಳವೆಗಳು 8708 92 ಶೀರ್ಷಿಕೆಗೆ ಸೇರುತ್ತವೆ. 2025ರ ಸೆಪ್ಟೆಂಬರ್ 22ರವರೆಗೆ ಅವುಗಳಿಗೆ 28 ಶೇಕಡಾ, ದುರಸ್ತಿ ಸೇವೆಗೆ 18 ಶೇಕಡಾ ಎಂಬ ಭೇದವಿದ್ದುದರಿಂದ ಹೊಸ ನಾರು ತುಂಬಿಕೊಡುವ ಬಿಲ್ಲಿನಲ್ಲಿ ಮಾಲೆಷ್ಟು ಕೂಲಿಯೆಷ್ಟು ಎಂಬ ಜಗಳವಿತ್ತು. ಆ ದಿನದಿಂದ ಎರಡಕ್ಕೂ 18 ಶೇಕಡಾ. ವಾರಂಟಿಯಡಿ ಉಚಿತವಾಗಿ ಬದಲಿಸಿಕೊಟ್ಟ ಭಾಗಕ್ಕೆ ಗ್ರಾಹಕನಿಂದ ಹಣ ಪಡೆಯದಿದ್ದರೆ ತೆರಿಗೆಯಿಲ್ಲ, ತಯಾರಕನು ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ 195ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಭಾಗಶಃ ಹಣ ಪಡೆದರೆ ಪಡೆದಷ್ಟಕ್ಕೆ ತೆರಿಗೆ ಉಂಟು. ವಿತರಕನು ತನ್ನ ದಾಸ್ತಾನಿನಿಂದ ಬದಲಿಸಿಕೊಟ್ಟು ತಯಾರಕನಿಂದ ಅದರ ಬೆಲೆ ವಸೂಲು ಮಾಡಿದರೆ ಅದು ವಿತರಕನು ತಯಾರಕನಿಗೆ ಮಾಡಿದ ಪೂರೈಕೆಯಾಗುತ್ತದೆ. ಅದಕ್ಕೆ ತೆರಿಗೆ ಬಿಲ್ಲು ಕೊಡಬೇಕು. ಸಣ್ಣ ಊರುಗಳ ಅಂಗಡಿಗಳಲ್ಲಿ ಹೆಚ್ಚಾಗಿ ತಪ್ಪುವುದು ಈ ಕೊನೆಯ ಬಿಲ್ಲೇ.